ವರ್ನಿಯರ್ ಹಿಡಿದು ಗ್ಯಾರೇಜಿಗೆ ಹೋದೆ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನ ಕ್ಯಾನಿಗೆ ಶಾಲೆಯ ಲ್ಯಾಬಿನ ಲ್ಯಾಕ್ಟೋಮೀಟರು ಇಳಿಬಿಟ್ಟವಳು ನಾನು. ಬಂಕಿನಲ್ಲಿ ಗಾಡಿಯಿಂದ ಇಳಿದು, ಮೀಟರು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ನೋಡದೆ ಡೀಸೆಲ್ ಹಾಕಿಸಿಕೊಂಡದ್ದಿಲ್ಲ. ಮದ್ದೂರಿನ ನಮ್ಮ ಬೀದಿಯ ಎಳನೀರಿನವನಂತೂ ನನ್ನನ್ನು ಕಂಡರೆ ಕೇಳುವ ಮೊದಲೇ ಕಾಯನ್ನು ಎರಡೆರಡು ಸಲ ತಟ್ಟಿ ತೋರಿಸುತ್ತಾನೆ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಅಳೆಯದೆ ಏನನ್ನೂ ಒಪ್ಪಬೇಡಿ ಎನ್ನುವುದೇ ನನ್ನ ಮೊದಲ ಪಾಠ.

ನಮ್ಮ ಶಾಲೆ ಇರುವುದು ಹಲಗೂರು ದಾಟಿ, ಕಾಡಿನ ಕಡೆಗೆ ಇಳಿಯುವ ರಸ್ತೆಯ ಒಂದು ಹಳ್ಳಿಯಲ್ಲಿ. ಮದ್ದೂರಿನಿಂದ ಹೊರಟರೆ ಮಳವಳ್ಳಿಯಲ್ಲೊಮ್ಮೆ, ಹಲಗೂರಿನಲ್ಲೊಮ್ಮೆ ಬಸ್ಸು ಬದಲಾಯಿಸಬೇಕು. ಆ ಕಾಟ ತಾಳಲಾರದೆ ಏಳು ಸೀಟಿನ ದೊಡ್ಡ ಎಸ್‌ಯುವಿ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ದಿನವೂ ನನ್ನ ಜೊತೆ ಐದು ಜನ ಟೀಚರುಗಳು ಬರುತ್ತಿದ್ದರು. ಮುಂದಿನ ಸೀಟು ಕನ್ನಡ ಟೀಚರಿಗೆ ಮೀಸಲು. ನನಗಿಂತ ಹತ್ತು ವರ್ಷ ದೊಡ್ಡವರು, ಮಂಡಿನೋವಿನವರು, ನಮಗೆಲ್ಲ ಅಕ್ಕ. ಹಿಂದೆ ಕೂರುವವರಲ್ಲಿ ಒಬ್ಬಳು ಎಂಟು ತಿಂಗಳ ಮಗುವನ್ನು ಮನೆಯಲ್ಲಿ ಬಿಟ್ಟು ಬರುವ ಇಂಗ್ಲಿಷ್ ಟೀಚರು.

ಹೋದ ಬೇಸಿಗೆ ಮುಗಿದು ಶಾಲೆ ಶುರುವಾದಾಗ ಬ್ರೇಕು ಒತ್ತಿದರೆ ಕಿರ್ ಎನ್ನತೊಡಗಿತು. ಮಳವಳ್ಳಿಯಲ್ಲಿ ನಾನು ಮಾಮೂಲಿಯಾಗಿ ಹೋಗುವ ಗ್ಯಾರೇಜಿಗೆ ಒಂದು ಸಂಜೆ ಗಾಡಿ ಬಿಟ್ಟೆ. ಮೆಕ್ಯಾನಿಕ್ಕು ಐವತ್ತು ದಾಟಿದವನು, ಮಾತು ಕಮ್ಮಿ. ಮುಂದಿನ ಚಕ್ರ ಬಿಚ್ಚಿ, ಒಳಗೆ ಬ್ರೇಕ್ ಪ್ಯಾಡು ಒತ್ತಿ ಹಿಡಿಯುವ ಕಬ್ಬಿಣದ ತಟ್ಟೆಯ, ಅಂದರೆ ಡಿಸ್ಕಿನ, ಮೇಲೆ ಉಗುರಾಡಿಸಿದ.

"ಪ್ಯಾಡು ಸವ್ದೈತೆ ಮೇಡಂ. ಅದ್ರ ಜೊತೆ ಎರಡೂ ಡಿಸ್ಕು ಬದಲಾಯಿಸ್ಬೇಕು. ಮುಗ್ದೋಗೈತೆ."

"ಎರಡೂ ಯಾಕೆ?"

"ಒಂದ್ ಕಡೆ ಒಸದು, ಒಂದ್ ಕಡೆ ಅಳೇದು ಆಕುದ್ರೆ ಬ್ರೇಕ್ ಇಡ್ದಾಗ ಗಾಡಿ ಒಂದ್ ಕಡೀಕೆ ಎಳೀತದೆ."

"ಲೇತಿಗೆ ಕೊಟ್ಟು ಮಟ್ಟ ಮಾಡಿಸಿದರೆ ಆಗಲ್ವಾ?"

"ದಪ್ಪ ಇದ್ದಿದ್ರೆ ಆಯ್ತಿತ್ತು. ಇದ್ರಲ್ಲಿ ಕೆರೆಯಾಕೆ ಏನೈತೆ? ನಿಮ್ದು ತೂಕದ್ ಗಾಡಿ, ತುಂಬ ಜನ ಬೇರೆ. ಇಳಿಜಾರಲ್ಲಿ ಈ ತೆಳ್ಳನೆ ಡಿಸ್ಕು ಬಿಸಿ ತಡೆಯಲ್ಲ. ಈಗ್ಲೇ ಏರುಪೇರಾಗೈತೆ. ಬ್ರೇಕ್ ಇಡ್ದಾಗ ಸ್ಟೇರಿಂಗು ನಡುಗ್ತಿಲ್ವಾ?"

ನಡುಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಪ್ಯಾಡಿಗೆಂದು ಬಂದವಳಿಗೆ ಡಿಸ್ಕು ಅಂಟಿಸುತ್ತಿದ್ದಾನೆ, ಅದೂ ಜೋಡಿ. ಹೆಂಗಸು, ಇವಳಿಗೇನು ತಿಳಿಯುತ್ತದೆ ಅಂದುಕೊಂಡಿರಬೇಕು. ಮೈ ಉರಿಯಿತು.

ಮಾರನೆಯ ಸಂಜೆ ದಪ್ಪ ಅಳೆಯುವ ಲ್ಯಾಬಿನ ವರ್ನಿಯರ್ ಕ್ಯಾಲಿಪರನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಡಿಸ್ಕಿನ ನಡುಭಾಗದಲ್ಲಿ, ಇದಕ್ಕಿಂತ ತೆಳ್ಳಗಾದರೆ ಬಳಸಬೇಡಿ ಎನ್ನುವ ಅಳತೆಯನ್ನು ಅಚ್ಚೊತ್ತಿರುತ್ತಾರೆ. ನನ್ನದರಲ್ಲಿ ಇಪ್ಪತ್ತಾರು ಮಿಲಿಮೀಟರು ಎಂದಿತ್ತು. ಕ್ಯಾಲಿಪರಿನ ದವಡೆಯಲ್ಲಿ ಡಿಸ್ಕನ್ನು ಹಿಡಿದು ನೋಡಿದೆ. ಇಪ್ಪತ್ತೇಳು ಪಾಯಿಂಟು ಆರು! ಕಬ್ಬಿನ ಟ್ರಾಕ್ಟರು ರಿಪೇರಿಗೆ ತಂದಿದ್ದ ಮೂರು ನಾಲ್ಕು ಜನ ನಿಂತಿದ್ದರು. ಅವರಿಗೆಲ್ಲ ಕೇಳುವಂತೆ ಓದಿ ಹೇಳಿದೆ.

"ಇನ್ನೂ ಒಂದೂವರೆ ಮಿಲಿಮೀಟರು ಬಾಕಿ ಇದೆಯಲ್ರೀ. ಒಂದು ಡಿಸ್ಕಿಗೆ ನಿಮಗೆ ಕಮಿಷನ್ ಎಷ್ಟು?"

"ಮೇಡಂ, ಅದು ಅಂಚು…"

"ಅಂಚೂ ಇಲ್ಲ, ಪಂಚೂ ಇಲ್ಲ. ಅಳತೆ ಸುಳ್ಳು ಹೇಳಲ್ಲ."

ಯಾರೋ ಕಿಸಕ್ಕನೆ ನಕ್ಕರು. ಆತನ ಮುಖ ಕೆಂಪಗಾಯಿತು. ಕೈ ಒರೆಸಿಕೊಂಡು ಚಕ್ರವನ್ನು ಮತ್ತೆ ಕೂರಿಸಿದ. "ಒಸ ಪ್ಯಾಡು ಇದ್ಕೆ ನಾನ್ ಆಕಲ್ಲ. ನಿಮ್ ಗಾಡಿ, ನಿಮ್ಮಿಷ್ಟ" ಅಂದ. ಬಿಚ್ಚಿ ಕಟ್ಟಿದ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಅದಕ್ಕೂ ಅನುಮಾನಪಟ್ಟೆ.

ಭಾನುವಾರ ಮಂಡ್ಯಕ್ಕೆ ಹೋಗಿ, ಗುರುತಿಲ್ಲದ ಅಂಗಡಿಯೊಂದರಲ್ಲಿ ಪ್ಯಾಡು ಹಾಕಿಸಿದೆ. ಅಲ್ಲಿಯವನು ಡಿಸ್ಕಿನ ಸುದ್ದಿಯನ್ನೇ ಎತ್ತಲಿಲ್ಲ. ಇಡೀ ಜಿಲ್ಲೆಯಲ್ಲಿ ಅವನೊಬ್ಬನ ಮೇಲೆ ನನಗೆ ಅನುಮಾನ ಬರಲಿಲ್ಲ.

ಕಿರ್ ಸದ್ದು ನಿಂತಿತು. ನಡುಕ ನಿಲ್ಲಲಿಲ್ಲ, ದಿನದಿಂದ ದಿನಕ್ಕೆ ಜಾಸ್ತಿಯಾಯಿತು. ಅಕ್ಕನ ಕಣ್ಣು ನನ್ನ ಕೈಯ ಮೇಲೆಯೇ ಇರುತ್ತಿತ್ತು.

"ಏನಮ್ಮ ಇದು, ಸ್ಟೇರಿಂಗು ಚಳಿಜ್ವರ ಬಂದಂಗೆ ನಡುಗ್ತದೆ?"

"ರೋಡು ಸರಿಯಿಲ್ಲ ಕಣಕ್ಕ."

"ರೋಡು ನೆಟ್ಟಗೇ ಅದೆಯಲ್ಲಮ್ಮ."

"ಒಳಗೆ ಕೂತವರಿಗೆ ಗೊತ್ತಾಗಲ್ಲಕ್ಕ, ಓಡಿಸೋರಿಗೆ ಗೊತ್ತಾಗೋದು."

ಮುಂದಿನ ಸೋಮವಾರ ಅಕ್ಕ ನಮ್ಮ ಮಾಮೂಲಿ ಜಾಗದಲ್ಲಿ ನಿಂತಿರಲಿಲ್ಲ. ಮಳವಳ್ಳಿ ದಾರಿಯಲ್ಲಿ ಬಸ್ಸೊಂದನ್ನು ಹಿಂದೆ ಹಾಕುವಾಗ ನೋಡಿದರೆ ಕಿಟಕಿಯಲ್ಲಿ ಕೂತಿದ್ದಾರೆ! ಅವರ ತಮ್ಮನ ಸ್ಕೂಟರು ಮಳವಳ್ಳಿಯ ಅದೇ ಗ್ಯಾರೇಜಿಗೆ ಹೋಗುತ್ತಿತ್ತು. ಸರಿ, ಮೆಕ್ಯಾನಿಕ್ಕೇ ಕಿವಿ ಊದಿದ್ದಾನೆ, ನನ್ನ ಗಾಡಿಗೆ ಕೆಟ್ಟ ಹೆಸರು ತರುತ್ತಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಸ್ಟಾಫ್ ರೂಮಿನಲ್ಲಿ ಅಕ್ಕನ ಜೊತೆ ಮಾತು ಬಿಟ್ಟೆ. ಮಿಕ್ಕವರಿಗೆ, ಆ ಗ್ಯಾರೇಜಿನವನು ಕಳ್ಳ, ಅಲ್ಲಿಗೆ ಹೋಗಬೇಡಿ ಎಂದು ಸಾರಿ ಸಾರಿ ಹೇಳಿದೆ. ಮೂರು ಬಸ್ಸು ಹತ್ತಿಳಿದು ಬರುವ ಅಕ್ಕ ಬೆಳಿಗ್ಗೆ ಶಾಲೆಯ ಗೇಟಿನ ಕಂಬ ಹಿಡಿದು ಮಂಡಿ ಒತ್ತಿಕೊಳ್ಳುವುದನ್ನು ನೋಡಿಯೂ ನೋಡದವಳಂತೆ ಹೋಗುತ್ತಿದ್ದೆ.

ಹೀಗೆ ಮೂರು ವಾರ. ಒಂದು ಬೆಳಿಗ್ಗೆ ಹಲಗೂರು ದಾಟಿ ಇಳಿಜಾರಿನಲ್ಲಿ ಹೋಗುತ್ತಿದ್ದಾಗ ಎಡಗಡೆಯ ಪೊದೆಯಿಂದ ಮೇಕೆ ಮಂದೆ ರಸ್ತೆಗೆ ನುಗ್ಗಿತು, ಹಿಂದೆಯೇ ಅದನ್ನು ಕಾಯುವ ಮುದುಕ. ಬ್ರೇಕು ತುಳಿದೆ. ಪೆಡಲು ಪಾದವನ್ನು ಒದ್ದಿತು, ಸ್ಟೇರಿಂಗು ಕೈಯಲ್ಲಿ ನಿಲ್ಲದೆ ಅದುರಿತು, ಗಾಡಿ ನಿಲ್ಲಬೇಕಾದಲ್ಲಿ ನಿಲ್ಲಲೇ ಇಲ್ಲ. ಕೊನೆಗೆ ನಿಂತಾಗ ಮುದುಕನಿಗೂ ಬಂಪರಿಗೂ ಒಂದು ಮೊಳ ಇತ್ತು, ಅಷ್ಟೇ. ಆತ ಬಾನೆಟ್ಟಿಗೆ ಕೋಲಿನಿಂದ ಬಡಿದು, "ಕಣ್ ಕಾಣಾಕಿಲ್ವೇನವ್ವ?" ಎಂದು ಕೂಗಿದ.

ಹಿಂದಿನ ಸೀಟಿನಿಂದ ಇಂಗ್ಲಿಷ್ ಟೀಚರು ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದಳು. "ನೀವೇನ್ ಮಾಡಕಾಗ್ತದೆ ಮೇಡಂ, ಈ ರೋಡೇ ಸರಿಯಿಲ್ಲ."

ಆ ರಸ್ತೆಗೆ ಹೊಸ ಡಾಂಬರು ಹಾಕಿ ಎರಡು ತಿಂಗಳೂ ಆಗಿರಲಿಲ್ಲ. ಕಣ್ಣೆದುರು ಕನ್ನಡಿಯಂಥ ರಸ್ತೆ ಇದ್ದರೂ ಆ ಹುಡುಗಿ ನನ್ನ ಮಾತನ್ನು ನಂಬಿದ್ದಳು. ಎಲ್ಲರನ್ನೂ ಕಳ್ಳರೆಂದು ಹಿಡಿಯಲು ಹೊರಟವಳು ನಾನು. ಇವಳಿಗೆ ಮೋಸ ಮಾಡಿದ್ದು ಮಾತ್ರ ನಾನೇ. ನಾಚಿಕೆಯಿಂದ ಕನ್ನಡಿಯಲ್ಲಿ ಅವಳ ಮುಖ ನೋಡಲಾಗಲಿಲ್ಲ.

ಅವತ್ತು ಸಂಜೆ ಎಲ್ಲರನ್ನೂ ಬಸ್ಸಿಗೆ ಹತ್ತಿಸಿ, ಒಬ್ಬಳೇ ಮೆಲ್ಲಗೆ ಗಾಡಿ ಓಡಿಸಿಕೊಂಡು ಮಳವಳ್ಳಿಗೆ ಹೋದೆ. ವರ್ನಿಯರ್ ಇನ್ನೂ ಬ್ಯಾಗಿನಲ್ಲೇ ಇತ್ತು. ಮೆಕ್ಯಾನಿಕ್ಕು ಚಕ್ರ ಬಿಚ್ಚಿದ. "ಅವತ್ತು ಅಂಚು ಅಂದ್ರಲ್ಲ, ಏನದು?" ಎಂದು ಕೇಳಿದೆ. ಆತ ನನ್ನ ಬೆರಳನ್ನು ಡಿಸ್ಕಿನ ಅಂಚಿಗೆ ಮುಟ್ಟಿಸಿದ. ಪ್ಯಾಡು ಉಜ್ಜುವ ಜಾಗವೆಲ್ಲ ಸವೆದು ಹಳ್ಳ ಬಿದ್ದಿತ್ತು. ಪ್ಯಾಡು ತಾಗದ ಹೊರಗಿನ ಅಂಚು ಮಾತ್ರ ಬಾಣಲೆಯ ಕಂಠದಂತೆ ಎದ್ದು ನಿಂತಿತ್ತು. ನನ್ನ ಕ್ಯಾಲಿಪರಿನ ದವಡೆ ಕೂತಿದ್ದದ್ದು ಆ ಅಂಚಿನ ಮೇಲೆ. ಸವೆದ ಜಾಗವನ್ನು ನಾನು ಅಳೆದೇ ಇರಲಿಲ್ಲ.

ಆತ ಜೇಬಿನಿಂದ ಎರಡು ಒಂದು ರೂಪಾಯಿ ನಾಣ್ಯ ತೆಗೆದು, ಹಳ್ಳದಲ್ಲಿ ಆ ಕಡೆಗೊಂದು ಈ ಕಡೆಗೊಂದು ಒತ್ತಿ ಹಿಡಿದ. "ಈಗ ಇದ್ರ ಮೇಲೆ ಅಳೀರಿ. ಆಮೇಲೆ ನಾಣ್ಯ ಕಳೀರಿ."

ಅಳೆದೆ. ಇಪ್ಪತ್ತೆಂಟು ಪಾಯಿಂಟು ನಾಲ್ಕು. ನಾಣ್ಯ ಎರಡೂ ಸೇರಿ ಮೂರು. ಇಪ್ಪತ್ತೈದು ಪಾಯಿಂಟು ನಾಲ್ಕು, ಮಿತಿಗಿಂತ ಕೆಳಗೆ. ಅವತ್ತೂ ಟ್ರಾಕ್ಟರಿನವರು ನಿಂತಿದ್ದರು. ಅವಮಾನ ಮಾಡಿದ್ದು ಎಲ್ಲರೆದುರಿಗೆ, ತಪ್ಪೊಪ್ಪಿಗೆ ಗುಟ್ಟಾಗಿ ಹೇಗೆ ಮಾಡಲಿ? ಅದೇ ಗಂಟಲಿನಲ್ಲಿ ಓದಿ ಹೇಳಿದೆ. "ಇವರು ಹೇಳಿದ್ದೇ ಸರಿ. ನಾನು ಅಳೆದದ್ದು ತಪ್ಪು. ಆಡಬಾರದ ಮಾತಾಡಿದೆ."

"ಇನ್ನೊಂದ್ ಸತಿ ಅಳ್ದು ನೋಡಿ ಮೇಡಂ, ನಂಬ್ಬುಡ್ಬೇಡಿ" ಅಂದ ಆತ. ನಗಲಿಲ್ಲ. ಅದು ನನಗೆ ಸಲ್ಲಬೇಕಾದದ್ದೇ. ಅಕ್ಕನಿಗೆ ನೀವೇನಾದರೂ ಹೇಳಿದ್ದಿರಾ ಎಂದು ಕೇಳಿದೆ. "ಯಾವ ಅಕ್ಕ?" ಅಂದ.

ಎರಡು ದಿನದ ನಂತರ ಜೋಡಿ ಹೊಸ ಡಿಸ್ಕು, ಹೊಸ ಪ್ಯಾಡು ಹಾಕಿಸಿಕೊಂಡು ಮದ್ದೂರಿನ ಬಸ್ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸಿದೆ. ಹಿಂದೆ ನಾಲ್ಕೂ ಜನ ಕೂತಿದ್ದರು. ಅಕ್ಕ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ಇಳಿದು ಹೋಗಿ ಮುಂದಿನ ಬಾಗಿಲು ತೆಗೆದೆ. ಅಕ್ಕ ಒಳಗೆ ಬಗ್ಗಿ ಸ್ಟೇರಿಂಗನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ರೋಡು ರಿಪೇರಿ ಆಯ್ತೇನಮ್ಮ?"

ಹಿಂದಿನವರಿಗೂ ಕೇಳುವಂತೆ ಹೇಳಿದೆ. "ರೋಡಲ್ಲ ಕಣಕ್ಕ, ಡಿಸ್ಕು. ರೋಡಿನ ತಪ್ಪಲ್ಲ ಅಂತ ನನಗೆ ಮೊದಲಿನಿಂದಲೂ ಗೊತ್ತಿತ್ತು."

ಅಕ್ಕ ಮಂಡಿ ಹಿಡಿದುಕೊಂಡು ಹತ್ತಿ ಕೂತರು. ಇಂಗ್ಲಿಷ್ ಟೀಚರು ಬಾಗಿಲು ತೆಗೆದು ಇಳಿದಳು, ಮಳವಳ್ಳಿ ಬಸ್ಸಿನ ಕಡೆಗೆ ನಡೆದಳು.