ಅಕ್ಕೋರಿಗೊಂದು ‘ಬೇ’

ಹಳೇ ಹುಬ್ಬಳ್ಳಿಯ ಆ ಓಣಿಗೆ ಹೋಗಿ ಕರುಣಾಳ ಮನೆ ಯಾವುದು ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕೋರ ಮನೆ ಯಾವುದು ಎಂದು ಕೇಳಬೇಕು, ಆಗ ನಾಲ್ಕು ಮಂದಿ ಎದ್ದು ಬಂದು ತೋರಿಸುತ್ತಾರೆ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು ರೂಢಿ. ಯಾವ ಶಾಲೆಯ ಅಕ್ಕೋರು ಎಂದು ಮಾತ್ರ ಮುಂದೆ ಕೇಳಬೇಡಿ. ಆ ಶಾಲೆಗೆ ಇದ್ದದ್ದು ಒಂದೇ ಕೋಣೆ, ಇಬ್ಬರೇ ವಿದ್ಯಾರ್ಥಿಗಳು, ಇಬ್ಬರೂ ಅವಳೇ ಹೆತ್ತ ಮಕ್ಕಳು.

ಕರುಣಾ ಹುಬ್ಬಳ್ಳಿಗೆ ಹತ್ತಿರದ ಸುಳ್ಳ ಎಂಬ ಹಳ್ಳಿಯ ಹುಡುಗಿ. ಡಿ.ಎಡ್. ಮುಗಿಸಿ ನೌಕರಿಯ ಆದೇಶಕ್ಕೆ ಕಾದಳು, ಕಾದಳು, ಆದೇಶ ಬರಲಿಲ್ಲ, ವರ ಬಂದ. ಸರ್ಕಾರಿ ಹೈಸ್ಕೂಲಿನ ಮಾಸ್ತರ ರಾಜರತ್ನನ ಕೈ ಹಿಡಿದು ಹುಬ್ಬಳ್ಳಿಗೆ ಬಂದಳು. ಕಲಿಸುವ ಚಪಲ ಮಾತ್ರ ಹೊಟ್ಟೆಯಲ್ಲೇ ಉಳಿದುಹೋಯಿತು. ಓಣಿಯಲ್ಲಿ ಆಡುವ ಮಗು ‘ಹಾಲು’ ಎನ್ನುವುದಕ್ಕೆ ‘ಆಲು’ ಎಂದರೆ ಸಾಕು, ಕೈಯಲ್ಲಿನ ಚೀಲ ಕೆಳಗಿಟ್ಟು, ಮಗುವನ್ನು ನಿಲ್ಲಿಸಿ, ಸರಿಯಾಗಿ ಅನ್ನಿಸಿಯೇ ಮುಂದೆ ಹೋಗುತ್ತಿದ್ದಳು.

ಲಾಕ್‌ಡೌನ್ ಬಂದು ಶಾಲೆಗಳು ಬಾಗಿಲು ಹಾಕಿದಾಗ ಊರೆಲ್ಲ ಅಯ್ಯೋ ಎಂದಿತು. ಕರುಣಾ ಅನ್ನಲಿಲ್ಲ. ಪಡಸಾಲೆಯ ಒಂದು ಗೋಡೆಗೆ ಕಪ್ಪು ಬಣ್ಣ ಬಳಿದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಮುಂದೆ ಶಾಲೆಗಳ ಬಾಗಿಲು ತೆರೆದವು, ಇವಳ ಪಡಸಾಲೆ ಮುಚ್ಚಲಿಲ್ಲ. ಮಗಳು ಪೂನಮ್, ಮಗ ಅಂಬರೀಷ ಇಬ್ಬರನ್ನೂ ಮನೆಯಲ್ಲೇ ಓದಿಸಿ ಮುಕ್ತ ಶಾಲೆಯ ಪರೀಕ್ಷೆಗೆ ಕೂರಿಸುತ್ತೇನೆ ಎಂದು ಹಟ ಹಿಡಿದಳು. “ಊರ ಮಂದಿ ಮಕ್ಕಳಿಗೆ ಕಲಸೋ ಮಾಸ್ತರ, ತನ್ನ ಮಕ್ಕಳನ್ನ ಸಾಲಿಗೆ ಕಳಸಂಗಿಲ್ಲಂತ” ಎಂದು ಓಣಿ ರಾಜರತ್ನನನ್ನು ಆಡಿಕೊಂಡಿತು. ಅವನು ಪಾಪ, ಶಾಲೆಯಲ್ಲಿ ಇಡೀ ತರಗತಿಯನ್ನು ಸುಮ್ಮನಾಗಿಸುವವನು, ಮನೆಯಲ್ಲಿ ತಾನೇ ಸುಮ್ಮನಾಗುವವನು.

ಮೊದಲ ವಾರದಲ್ಲೇ ಒಂದು ತೊಡಕು ಬಂತು. ಮಕ್ಕಳ ಬಾಯಿಂದ ‘ಅವ್ವಾ’ ಹೊರಟರೆ ಅದರ ಬೆನ್ನಿಗೇ ಹಸಿವು ಹೊರಡುತ್ತಿತ್ತು. “ಅವ್ವಾ, ಚುರಮರಿ ಕೊಡ ಬೇ.” “ಯವ್ವಾ, ಲೆಕ್ಕ ನಾಳಿ ಮಾಡೋಣ ಬೇ.” ಈ ‘ಬೇ’ ಎನ್ನುವುದು ನಮ್ಮ ಕಡೆಯ ಮಕ್ಕಳು ತಾಯಿಗೆ, ತಾಯಿಯಂಥವರಿಗೆ ಹಚ್ಚುವ ಸಲಿಗೆಯ ಮಾತು. ಅದು ಕಿವಿಗೆ ಬಿದ್ದ ಮೇಲೆ ಯಾವ ಪಾಠ ಉಳಿದೀತು? ಕರುಣಾ ಕಾನೂನು ಮಾಡಿದಳು. ಪಡಸಾಲೆಯಲ್ಲಿ ಅವಳು ಅಕ್ಕೋರು, ‘ನೀವು’, ‘ರಿ’. ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ ಅವ್ವ, ‘ನೀ’, ‘ಬೇ’.

ಕಾನೂನು ಚೆನ್ನಾಗಿ ನಡೆಯಿತು. ಅಷ್ಟು ಚೆನ್ನಾಗಿ ನಡೆದದ್ದೇ ತಪ್ಪಾಯಿತು. ಐದು ವರ್ಷಗಳಲ್ಲಿ ಅಕ್ಕೋರು ಹೊಸ್ತಿಲು ದಾಟಿ ಅಡುಗೆಮನೆಗೆ ಬಂದರು, ಸಂತೆಗೆ ಬಂದರು, ಲಗ್ನದ ಊಟದ ಪಂಕ್ತಿಗೂ ಬಂದು ಕೂತರು. ಒಮ್ಮೆ ಅಂಬರೀಷ ಜ್ವರ ಬಂದು ಮಲಗಿದವನು ಕಣ್ಣು ಮುಚ್ಚಿಕೊಂಡೇ, “ಅಕ್ಕೋರ, ತಲಿ ಭಾಳ ನೋಯಾಕತ್ತೈತ್ರಿ” ಎಂದ. ಕರುಣಾ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಪರೀಕ್ಷೆಗಳು ಮುಗಿಯಲಿ, ಎಲ್ಲ ಸರಿ ಮಾಡಿದರಾಯಿತು ಎಂದುಕೊಂಡಳು.

ಮುಗಿದವು. ಈ ಜೂನ್‌ನಲ್ಲಿ ಪೂನಮ್ ಧಾರವಾಡದ ಕಾಲೇಜಿಗೆ ಡಿಗ್ರಿಗೆ ಸೇರಿದಳು, ಅಂಬರೀಷ ಹುಬ್ಬಳ್ಳಿಯಲ್ಲೇ ಪಿಯುಸಿಗೆ ಹೋದ. ಆ ಮನೆಗೆ ಇನ್ನು ಅಕ್ಕೋರ ಗರಜು ಇರಲಿಲ್ಲ. ಕರುಣಾಳಿಗೆ ಬೇಕಾದದ್ದು ಒಂದೇ, ಮಕ್ಕಳ ಬಾಯಲ್ಲಿ ಮತ್ತೆ ಅವ್ವ ಅನ್ನಿಸಿಕೊಳ್ಳಬೇಕು. ರಾತ್ರಿ ಊಟಕ್ಕೆ ಕೂತಾಗ ಹೇಳಿಯೇ ಬಿಟ್ಟಳು.

“ನೋಡ್ರಿ, ಸಾಲಿ ಮುಗೀತು. ಇನ್ನಮ್ಯಾಲೆ ನನಗ ಅವ್ವ ಅನಬೇಕು. ತಿಳೀತಿಲ್ಲೊ?”

“ತಿಳೀತ್ರಿ ಅಕ್ಕೋರ” ಎಂದರು ಇಬ್ಬರೂ ಒಂದೇ ದನಿಯಲ್ಲಿ.

ರಾಜರತ್ನ ತಾಟಿನಲ್ಲಿ ಮುಖ ಹುದುಗಿಸಿ ನಕ್ಕ. ನಕ್ಕದ್ದು ಕಾಣಲಿಲ್ಲ, ಭುಜ ಕುಣಿದದ್ದು ಕಂಡಿತು.

ಹೇಳಿದರೆ ಬರುವುದಲ್ಲ ಇದು, ಜೊತೆಯಲ್ಲಿ ಅಡ್ಡಾಡಿದರೆ ಬರುತ್ತದೆ ಎಂದು ಕರುಣಾ ಬಗೆದಳು. ರವಿವಾರಕ್ಕೊಂದು ತಿರುಗಾಟ ಶುರುವಾಯಿತು. ಮೊದಲ ಸಲ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಉಣಕಲ್ ಕೆರೆಗೆ ಹೋದರು. ತಂಪು ಗಾಳಿ, ನೀರಿನ ಮೇಲೆ ದೋಣಿ, ಎಲ್ಲ ಸೊಗಸಾಗಿತ್ತು. ಅಂಬರೀಷ ಕಟ್ಟೆಯ ಮೇಲೆ ನೆಟ್ಟಗೆ ಕೂತು ಕೇಳಿದ.

“ಅಕ್ಕೋರ, ಇಲ್ಲಿ ಏನೇನ್ ಬರಕೋಬೇಕ್ರಿ?”

“ಏನೂ ಬರಕೋಬ್ಯಾಡ. ಸುಮ್ನ ನೋಡು, ಗಾಳಿ ತಗೋ” ಎಂದಳು ಕರುಣಾ. ತಾನೂ ಸುಮ್ಮನೆ ನೋಡಿದಳು. ಗಾಳಿ ತಗೊಂಡಳು. ಇನ್ನೊಂದು ರೊಟ್ಟಿ ಮುಗಿಯುವುದರೊಳಗೆ ಅವಳ ನಾಲಿಗೆ ತುರಿಸತೊಡಗಿತು. “ಅಲ್ಲಾ, ಈ ಕೆರಿಗೆ ನೀರು ಎಲ್ಲಿಂದ ಬರತೈತಿ, ಯಾರು ಹೇಳ್ತೀರಿ?”

ಇಬ್ಬರ ಕೈಗಳೂ ಮೇಲೆದ್ದವು. ಕರುಣಾಳಿಗೆ ತನ್ನ ಬಾಯಿಗೆ ತಾನೇ ಎರಡು ಬಿಡಬೇಕು ಅನ್ನಿಸಿತು.

ಮುಂದಿನ ವಾರ ಧಾರವಾಡದ ಸಾಧನಕೇರಿ. ಅಲ್ಲಿ ಗಿರ್ಮಿಟ್ ತಿನ್ನುತ್ತ, ಈ ಸಲ ಏನನ್ನೂ ಕೇಳಬಾರದು ಎಂದು ಹಲ್ಲು ಕಚ್ಚಿ ಕೂತಿದ್ದಳು. ಕೇಳಲಿಲ್ಲ, ಖರೇ. ಆದರೆ ಪೂನಮ್ ಹತ್ತಿರ ಬಂದು, “ಅಕ್ಕೋರ, ನಿಮಗ ಆರಾಮಿಲ್ಲೇನ್ರಿ, ಏನೂ ಕೇಳವಲ್ರಿ” ಎಂದಳು.

ಪಂಚಮಿಗೆ ಸುಳ್ಳದ ತವರಿನಲ್ಲಿ ಎಲ್ಲರೂ ಕೂಡಿದರು. ಹಿಂದಿನ ವರ್ಷಗಳಲ್ಲಿ ಮಕ್ಕಳ ಪಾಠದ ನೆಪ ಹೇಳಿ ಕರುಣಾ ತಪ್ಪಿಸಿಕೊಂಡಿದ್ದಳು, ಈ ಸಲ ತಾನೇ ಎಲ್ಲರಿಗೂ ಫೋನ್ ಮಾಡಿ ಕರೆಸಿದ್ದಳು. ಅಣ್ಣ ಯಮನಪ್ಪ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದ, ಅತ್ತಿಗೆ ಸಂಗವ್ವ ಡಬ್ಬಿ ತುಂಬ ಉಂಡಿ ಕಟ್ಟಿದ್ದಳು. ಮನೆ ತುಂಬ ಮಂದಿ ಕೂತಿರುವಾಗ ಅಂಬರೀಷ ಕೈ ಎತ್ತಿದ.

“ಅಕ್ಕೋರ, ಇನ್ನೊಂದ್ ಉಂಡಿ ತಗೊಳ್ಳೇನ್ರಿ?”

ಜಗಲಿಯ ಮೇಲೆ ಕೂತಿದ್ದ ಅಜ್ಜಿ ಮುತ್ತವ್ವ, ಕರುಣಾಳ ತಾಯಿ, ಬಾಯಲ್ಲಿನ ಎಲೆ ಒಂದು ದವಡೆಗೆ ಸರಿಸಿ ಸುತ್ತ ನೋಡಿದಳು. “ಯಾವ ಸಾಲಿ ಅಕ್ಕೋರು ಬಂದಾರವಾ? ಒಂದು ಚಾಪಿ ಹಾಸ್ರಿ, ಕುಂದ್ರಲಿ.”

ಮನೆ ಗೊಳ್ಳೆಂದಿತು. ಕರುಣಾಳೂ ನಕ್ಕಳು, ನಗದೆ ಏನು ಮಾಡುವುದು. ಆದರೆ ಆ ಹೊತ್ತಿಗೇ ಸಂಗವ್ವನ ಮಗಳು ತಾಯಿಯ ಬೆನ್ನಿಗೆ ಜೋತು ಬಿದ್ದು, “ಯವ್ವಾ, ಜಡಿ ಹಾಕ ಬೇ, ಎಷ್ಟೊತ್ತ ಬೇ” ಎಂದು ಕಾಡುತ್ತಿದ್ದಳು. “ಹೋಗ ಅತ್ತಾಗ, ಬೇ ಬೇ ಕೇಳಿ ಕಿವಿ ತೂತಾಗ್ಯಾವು” ಎಂದು ಸಂಗವ್ವ ಗದರಿದಳು. ಕರುಣಾಳ ಹೊಟ್ಟೆ ಉರಿದುಹೋಯಿತು. ಬಂಗಾರದ ಸರ ಕಂಡಾಗಲೂ ಅವಳ ಹೊಟ್ಟೆ ಅಷ್ಟು ಉರಿದದ್ದಿಲ್ಲ.

ಹಿತ್ತಲಲ್ಲಿ ತಾಯಿಯ ಹತ್ತಿರ ಕೂತು ಅತ್ತೂ ಬಿಟ್ಟಳು. “ನಾ ಹಡದ ಮಕ್ಕಳು ಯವ್ವಾ, ನನಗ ರೀ ಅಂತಾವ. ಬ್ಯಾರೆ ಮಂದಿ ಮನ್ಯಾಗ ಬಾಡಿಗಿ ಇದ್ದಂಗ ಆಗೈತಿ ಬೇ ನನಗ.”

ಮುತ್ತವ್ವ ಮಗಳ ಮೂಗು ಒರೆಸಲಿಲ್ಲ, ಬೈದಳು. “ನಿನಗ ಬರಲಾರದ್ದು ಅನ್ನೂದು ಒಂದರ ಐತೇನ? ಎಲ್ಲಾ ಬಲ್ಲಾಕಿ ಆಗಿ ಎತ್ತರದಾಗ ಕುಂತರ ಅವು ರೀ ಅನ್ನದ ಇನ್ನೇನ ಅಂತಾವ? ಒಂದಿಷ್ಟು ದಡ್ಡಿ ಆಗು.”

ದಡ್ಡಿಯಾಗುವುದು ಕರುಣಾಳಿಗೆ ಸುಲಭದ ಕೆಲಸವಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಕೂತು ತನಗೇನು ಬರುವುದಿಲ್ಲ ಎಂದು ಹುಡುಕಿದಳು. ಹೊಲಿಗೆ ಬರುತ್ತಿತ್ತು, ಹಾರ್ಮೋನಿಯಂ ಒಂದಿಷ್ಟು ಬರುತ್ತಿತ್ತು, ಇಂಗ್ಲಿಷ್ ವ್ಯಾಕರಣವಂತೂ ನಿದ್ದೆಯಲ್ಲೂ ಬರುತ್ತಿತ್ತು. ಆಟ ಮಾತ್ರ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಒಂದು ಚೆಂಡು ಹಿಡಿದವಳಲ್ಲ.

ಪೂನಮ್‌ಗೆ ಅಷ್ಟರಲ್ಲಿ ಕಾಲೇಜಿನಲ್ಲಿ ಥ್ರೋಬಾಲ್ ಹುಚ್ಚು ಹಿಡಿದಿತ್ತು. ರಾಜ್ಯೋತ್ಸವದ ಪಂದ್ಯಕ್ಕೆಂದು ಓಣಿಯ ಹೆಂಗಸರನ್ನು ಸಂಜೆ ಮೈದಾನಕ್ಕೆ ಎಳೆದೊಯ್ದು ತಾನೇ ಕಲಿಸುತ್ತಿದ್ದಳು. ಬಳೆ ಅಂಗಡಿಯ ಹುಲಿಗೆವ್ವ ಇದ್ದಳು, ಎದುರುಮನೆಯ ದಾನಿಶನ ತಾಯಿ ಇದ್ದರು, ಇನ್ನೂ ನಾಲ್ಕು ಮಂದಿ ಇದ್ದರು. ಕರುಣಾ ಚೂಡಿದಾರ ತೊಟ್ಟು, ಓಡನಿಯನ್ನು ಗಂಟು ಹಾಕಿಕೊಂಡು ಹೋಗಿ ನಿಂತಳು. “ನನಗೂ ಕಲಸು.”

ಪೂನಮ್‌ಳ ಮುಖದಲ್ಲಿ ಗಾಬರಿ ಕಂಡಿತು. “ನಿಮಗ ನಾ ಏನ್ ಕಲಸಲ್ರಿ ಅಕ್ಕೋರ?”

ಕಲಿಸುವುದು ಬೇಕಾದಷ್ಟಿತ್ತು. ಈ ಆಟದಲ್ಲಿ ಬಲೆಯ ಆಚೆಯಿಂದ ಬಂದ ಚೆಂಡನ್ನು ಎರಡೂ ಕೈಯಿಂದ ಹಿಡಿದು, ಒಂದೇ ಕೈಯಿಂದ, ಭುಜದ ಮೇಲಿಂದ, ಮೂರು ಸೆಕೆಂಡಿನೊಳಗೆ ಹಿಂದಕ್ಕೆ ಒಗೆಯಬೇಕು. ಮೂರು ಸೆಕೆಂಡಿನಲ್ಲಿ ಕರುಣಾಳಿಗೆ ಏನೂ ಆಗುತ್ತಿರಲಿಲ್ಲ, ಅವಳ ಒಂದು ವಾಕ್ಯ ಶುರುವಾಗುವುದಕ್ಕೇ ಅಷ್ಟು ಬೇಕು. ಚೆಂಡು ಕೈಗೆ ಬಂತೆಂದರೆ ಅದನ್ನು ಎದೆಗೆ ಒತ್ತಿಕೊಂಡು ಪಕ್ಕದವಳ ಕಡೆ ತಿರುಗಿ, “ನೋಡ್ರಿ ಹುಲಿಗೆವ್ವಾರ, ಇದನ್ನ ಹೆಂಗ ಒಗೀಬೇಕಂದ್ರ” ಎಂದು ಶುರು ಮಾಡುವಳು, ಸೀಟಿ ಕೇಳಿಸುವುದು, ಪಾಯಿಂಟು ಆಚೆ ಹೋಗುವುದು. “ಒಗದ ಮ್ಯಾಲೆ ಹೇಳ್ರಿ ಅಕ್ಕೋರ, ರಾತ್ರಿ ಮನಿಗೆ ಬಂದು ಕೇಳ್ತೇನಿ” ಎಂದು ಹುಲಿಗೆವ್ವ ಕೈ ಮುಗಿಯುವಳು. ಪೂನಮ್ ಬದಿಯಲ್ಲಿ ನಿಂತು, “ಅಕ್ಕೋರ, ಸ್ವಲ್ಪ ಲಗೂ ಒಗೀರಿ” ಎನ್ನುವಳು. ಆ ಮರ್ಯಾದೆಯ ಮಾತು ಮುಗಿಯುವುದರೊಳಗೆ ಮತ್ತೊಂದು ಸೀಟಿ.

ಆದರೂ ಕರುಣಾ ಬಿಡಲಿಲ್ಲ. ಬೆರಳು ಬಾತವು, ಮೊಣಕಾಲು ತರಚಿತು, ರಾಜರತ್ನ ದಿನಾ ಸಂಜೆ ಎಣ್ಣೆ ಬಿಸಿ ಮಾಡಿದ. ದಸರೆ ಬರುವಷ್ಟರಲ್ಲಿ ಅವಳ ಬಾಯಿ ಸಣ್ಣದಾಗಿ ಕೈ ಉದ್ದವಾಗಿತ್ತು. ಚೆಂಡು ಬಂದರೆ ಹಿಡಿಯುವಳು, ಖಾಲಿ ಜಾಗ ನೋಡುವಳು, ಒಗೆಯುವಳು. ಓಣಿಯಲ್ಲಿ ಅವಳಷ್ಟು ಚೆನ್ನಾಗಿ ಚೆಂಡು ಹಿಡಿಯುವವರು ಉಳಿಯಲಿಲ್ಲ. ಅಲ್ಲಿಗೆ ಅವಳ ಕಥೆ ಮತ್ತೆ ಕೆಟ್ಟಿತು. “ಭಾರಿ ಹಿಡದ್ರಿ ಅಕ್ಕೋರ” ಎಂದು ಪೂನಮ್ ಚಪ್ಪಾಳೆ ತಟ್ಟತೊಡಗಿದಳು. ದಡ್ಡಿಯಾಗಲು ಹೋದವಳು ಅದರಲ್ಲೂ ಪಾಸಾಗಿಬಿಟ್ಟಿದ್ದಳು. ಹೋಗಲಿ ಬಿಡು, ಇದು ನನ್ನ ಹಣೆಯಲ್ಲಿ ಬರೆದಿಲ್ಲ, ಪಂದ್ಯವನ್ನಾದರೂ ಗೆದ್ದು ಮಗಳ ಮುಖ ಅರಳಿಸುತ್ತೇನೆ ಎಂದುಕೊಂಡು ಕರುಣಾ ಆಸೆ ಬಿಟ್ಟಳು.

ರಾಜ್ಯೋತ್ಸವದ ದಿನ ಕೊನೆಯ ಪಂದ್ಯಕ್ಕೆ ಎದುರು ಬಂದದ್ದು ಧಾರವಾಡದ ತಂಡ. ಆ ಹೆಂಗಸರು ಆಡುವುದನ್ನು ನೋಡಬೇಕಿತ್ತು. “ಒಂದೀಟ ಈ ಕಡೆ ಸರೀತೀರೇನ್ರಿ ವೈನಿ” ಎಂದು ನಯವಾಗಿ ಕೇಳಿಕೊಳ್ಳುತ್ತಲೇ ಗುಂಡು ಹೊಡೆದ ಹಾಗೆ ಚೆಂಡು ಒಗೆಯುತ್ತಿದ್ದರು. ಧಾರವಾಡದವರಿಗೆ ಮೂರು ಸೆಕೆಂಡಿನಲ್ಲಿ ಮರ್ಯಾದೆಯೂ ಆಗುತ್ತದೆ, ಆಟವೂ ಆಗುತ್ತದೆ. ಹುಬ್ಬಳ್ಳಿಯವರು ಬೈದುಕೊಂಡು, ಬಿದ್ದು, ಎದ್ದು ಅವರ ಸಮಕ್ಕೆ ಬಂದರು. ಕೊನೆಗೆ ಇನ್ನೊಂದು ಪಾಯಿಂಟು ಹೋದರೆ ಆಟ ಕೈಬಿಟ್ಟ ಹಾಗೆ ಎನ್ನುವಲ್ಲಿಗೆ ಬಂದು ನಿಂತಿತು. ಮೈದಾನದ ಅಂಚಿನಲ್ಲಿ ರಾಜರತ್ನ, ಅಂಬರೀಷ ಉಸಿರು ಬಿಗಿಹಿಡಿದಿದ್ದರು.

ಆಚೆಯಿಂದ ಚೆಂಡು ಬಂತು. ನೇರ ಕರುಣಾಳ ಕೈಗೆ. ಗಟ್ಟಿಯಾಗಿ ಹಿಡಿದಳು. ಎದುರು ಎಡಮೂಲೆ ಖಾಲಿ ಬಿದ್ದಿತ್ತು, ಅಲ್ಲಿಗೆ ಒಗೆದರೆ ಯಾರಿಗೂ ಸಿಗುವುದಿಲ್ಲ. ತೋಳು ಮೇಲೆತ್ತಿದಳು. ಬದಿಯಲ್ಲಿ ನಿಂತಿದ್ದ ಪೂನಮ್‌ಗೂ ಆ ಮೂಲೆ ಕಂಡಿತು. ಕಾಲೇಜು, ಶಾಲೆ, ಪಡಸಾಲೆ, ಕಾನೂನು ಎಲ್ಲ ಮರೆತು ಅವಳು ಗಂಟಲು ಹರಿಯುವ ಹಾಗೆ ಕೂಗಿದಳು.

“ಯವ್ವಾ, ಮೂಲ್ಯಾಗ ಒಗಿ ಬೇ!”

ಕರುಣಾಳ ತೋಳು ಅಲ್ಲೇ ನಿಂತಿತು. ಮೆಲ್ಲಗೆ ಚೆಂಡನ್ನು ಇಳಿಸಿಕೊಂಡು, ತಿರುಗಿ ಮಗಳ ಕಡೆ ನೋಡಿದಳು. ಮೂರು ಸೆಕೆಂಡು ಮುಗಿದು ಸೀಟಿ ಕೇಳಿಸಿತು. ಧಾರವಾಡದ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹುಲಿಗೆವ್ವ ನೆಲಕ್ಕೆ ಕುಸಿದು ತಲೆಯ ಮೇಲೆ ಕೈ ಹೊತ್ತಳು.

ಪೂನಮ್ ಓಡಿ ಬಂದಳು. “ಯಾಕ ನಿಂತಿ? ಕೈಯಾಗ ಚೆಂಡ್ ಹಿಡಕೊಂಡು ಯಾಕ ನಿಂತಿ ಅಂತೇನಿ. ಏನಾತ ನಿನಗ?”

“ನೀ ಏನೋ ಅಂದೆಲ್ಲ” ಎಂದಳು ಕರುಣಾ.

“ಒಗಿ ಅಂದ್ನಿ. ಒಗಿ ಅಂದ್ರ ನಿಲ್ಲೂದೇನ ಬೇ? ಸಣ್ಣ ಹುಡುಗರಿಗೂ ತಿಳೀತೈತಿ. ಗೆದ್ದ ಆಟ ನೀರಾಗ ಹಾಕಿದಿ.”

ಅಂಬರೀಷನೂ ಬಂದು ಕೂಡಿಕೊಂಡ. “ಹೌದಲ್ಲ, ನೀ ಹಂಗ ನಿಲ್ಲಬಾರದಿತ್ತು ಬೇ ಯವ್ವಾ.”

ಕರುಣಾಳ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೆ ನಗುತ್ತಿತ್ತು. ಹೆಂಡತಿಗೆ ಸೋಲಿನ ದುಃಖ ಎಂದು ತಿಳಿದ ರಾಜರತ್ನ, ಅಪರೂಪಕ್ಕೆ ಧೈರ್ಯ ಮಾಡಿ ಮಕ್ಕಳಿಗೆ ಹೇಳಿದ. “ಸಾಕ್ರೆಪಾ, ಬೈಬ್ಯಾಡ್ರಿ ಆಕಿಗೆ.”

“ನೀವು ಸುಮ್ಕಿರ್ರಿ” ಎಂದಳು ಕರುಣಾ. “ಬೈಲಿ.”

ಮೈದಾನದಿಂದ ಮನೆಗೆ ದೂರವೇನಿಲ್ಲ, ಎರಡು ಓಣಿ ದಾಟಿದರೆ ಬಂದೇ ಬಿಟ್ಟಿತು. ಪೂನಮ್ ದಾರಿಯುದ್ದಕ್ಕೂ ಬೈಯುತ್ತಲೇ ಇದ್ದಳು, ನೀ ಹಿಂಗ, ನೀ ಹಂಗ, ನಿನ್ನ ಕಟಗೊಂಡು ಹೆಂಗ ಬೇ ಆಡೂದು ಎಂದು. ಕರುಣಾ ಕಾಲು ಉಳುಕಿದವಳ ಹಾಗೆ ಹೆಜ್ಜೆ ಸಣ್ಣ ಮಾಡಿಕೊಂಡು, ಮನೆ ಇಷ್ಟು ಲಗೂ ಬರಬಾರದು ಎಂದು ನಿಧಾನಕ್ಕೆ ನಡೆದಳು.