ಸ್ಪೀಕರಣ್ಣನ ಜಪಾನಿ ಹಾಡು

ಸ್ಪೀಕರ್ ರಿಪೇರಿಯವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಕರೆಯುವವರು ಮಾತ್ರ ಇರಲಿಲ್ಲ. ಬೀದಿಗೆಲ್ಲ ಅವನು ಸ್ಪೀಕರಣ್ಣ. ಅವನ ಕೈಗೆ ಹೋದರೆ ಸತ್ತ ಪೆಟ್ಟಿಗೆಯೂ ಬಾಯಿ ಬಿಡುತ್ತದೆ ಎನ್ನುತ್ತಿದ್ದರು. ಮಂಚದಗಲದ ಅಂಗಡಿ, ಮೂರು ಗೋಡೆಗೂ ಹಲಗೆ, ಹಲಗೆ ತುಂಬ ಹರಿದ ಕಾಗದದ ಕೋನುಗಳು, ಅಂಟಿನ ಡಬ್ಬಿ, ತಾಮ್ರದ ತಂತಿ. ಮೂವತ್ತು ವರ್ಷ ಅಲ್ಲಿ ಬಗ್ಗಿ ಕೂತು ಬೆನ್ನು ಹಾಗೇ ನಿಂತುಬಿಟ್ಟಿತ್ತು.

ರಿಪೇರಿಯಾದ ಪ್ರತಿ ಸ್ಪೀಕರಿಗೂ ಅವನು ಒಂದೇ ಹಾಡು ಹಾಕಿ ಪರೀಕ್ಷಿಸುತ್ತಿದ್ದ. ಅದೊಂದು ಜಪಾನಿ ಹಾಡು. ಯಾರೋ ರಿಪೇರಿಗೆ ಕೊಟ್ಟು ಮತ್ತೆ ಈ ಕಡೆ ತಲೆ ಹಾಕದ ಟೇಪ್ ರೆಕಾರ್ಡರಿನೊಳಗೆ ಉಳಿದ ಕ್ಯಾಸೆಟ್. ಪದ ಕಟ್ಟಿ, ರಾಗ ಹಾಕಿ, ಪಿಯಾನೋ ನುಡಿಸಿ ಹಾಡಿದವಳು ಒಬ್ಬಳೇ ಎಂದು ಆ ಭಾಷೆ ಬಲ್ಲ ಗಿರಾಕಿಯೊಬ್ಬರು ಕ್ಯಾಸೆಟ್ಟಿನ ಮೇಲಿನ ಬರಹ ಓದಿ ಹೇಳಿದ್ದರು. ಯಾರೋ ಬಿಟ್ಟುಹೋದ ಕೊಡೆಯನ್ನು ಅವಳು ವರ್ಷಗಟ್ಟಲೆ ಬಾಗಿಲ ಹಿಂದೆ ಇಟ್ಟುಕೊಂಡಿದ್ದಾಳಂತೆ, ಹಾಡು ಇಷ್ಟೇ. ಆದರೆ ಅರ್ಥ ತಿಳಿಯುವ ಮೊದಲೇ ಅದು ಅವನ ಒಳಗಿಳಿದಿತ್ತು. ಹೇಳಲೋ ಬೇಡವೋ ಎನ್ನುವವಳಂತೆ ಅವಳು ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಹಾಡುತ್ತಿದ್ದಳು. ಎರಡನೆಯ ಚರಣಕ್ಕೆ ಮುಂಚೆ ಪಿಯಾನೋ ನಿಲ್ಲುತ್ತದೆ. ಆಗ ಅವಳು, ಅಳು ನುಂಗಿಕೊಂಡವರ ಹಾಗೆ, ಸಣ್ಣಗೆ ಉಸಿರೆಳೆದುಕೊಳ್ಳುತ್ತಾಳೆ. ಆ ಉಸಿರು ಕೇಳಿಸಿದರೆ ಸ್ಪೀಕರ್ ಪಾಸು, ಇಲ್ಲದಿದ್ದರೆ ಮತ್ತೆ ಬಿಚ್ಚಬೇಕು. ಮಧ್ಯಾಹ್ನ ಊಟ ತರುವ ಹೆಂಡತಿ, ನನ್ನ ಸವತಿಯ ಹಾಡು ಮುಗಿಯಿತೋ ಇಲ್ಲವೋ ಎಂದು ಕಿಚಾಯಿಸುವಳು.

ಈಚೆಗೆ ಒಂದೆರಡು ತಿಂಗಳಿಂದ ಪ್ರತಿ ಸ್ಪೀಕರೂ ದುಪ್ಪಟ್ಟು ಹೊತ್ತು ತಿನ್ನುತ್ತಿತ್ತು. ಈಗಿನ ಮಾಲೇ ಸರಿಯಿಲ್ಲ ಎಂದು ಅವನು ಬೈದುಕೊಳ್ಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆ ತನ್ನ ಬಾಗಿಲಿಗೂ ಬಂದಿದೆ ಎಂದು ಅವನಿಗೆ ಹೊಳೆಯಲಿಲ್ಲ.

ಆಗ ನಿವೃತ್ತ ಸಂಗೀತ ಮೇಷ್ಟ್ರೊಬ್ಬರು ತಮ್ಮ ತಂದೆಯ ಕಾಲದ ಸ್ಪೀಕರ್ ತಂದುಕೊಟ್ಟರು. ತಂತಿಯೊಂದು ಬಿಟ್ಟುಹೋಗಿತ್ತು, ಅರ್ಧ ಗಂಟೆಯ ಬೆಸುಗೆ. ಹಾಡು ಹಾಕಿದ. ಉಸಿರು ಬರಲಿಲ್ಲ. ಬಿಚ್ಚಿ ಒಳಗಿನ ತಾಮ್ರದ ಸುರುಳಿ ಬದಲಿಸಿದ, ಬರಲಿಲ್ಲ. ಮೂರನೆಯ ಸಲ, ದನಿ ಹೊರಡಿಸುವ ಆ ಹಳೆಯ ಕಾಗದದ ಕೋನನ್ನೇ ಬ್ಲೇಡಿನಿಂದ ಕುಯ್ದು ತೆಗೆದು ಹೊಸದು ಅಂಟಿಸಿದ.

ಹೆಂಡತಿ ಊಟ ತಂದಾಗಲೂ ಅವನು ಅದರ ಮುಂದೆಯೇ ತಲೆ ಕೆರೆದುಕೊಂಡು ಕೂತಿದ್ದ. ಹಾಡು ಓಡುತ್ತಿತ್ತು.

"ಆ ಉಸಿರು ಬರ್ತಾನೇ ಇಲ್ಲ ಕಣೇ," ಎಂದ.

"ಬಂತಲ್ಲ ರೀ. ಈಗ ತಾನೇ ಎಳ್ಕೊಂಡ್ಲು. ನಿಮಗೆ ಕೇಳಿಸ್ಲಿಲ್ವಾ?"

ಅವನು ಗೋಡೆಯ ಮೇಲಿನ ತನ್ನ ಸ್ವಂತ ಸ್ಪೀಕರಿಗೆ ತಂತಿ ಸಿಕ್ಕಿಸಿ ಮತ್ತೆ ಹಾಕಿದ, ಮತ್ತೆ ಮತ್ತೆ ಹಾಕಿದ. ಪ್ರತಿ ಸಲವೂ ಹೆಂಡತಿ ಉಸಿರಿನ ಜಾಗದಲ್ಲೇ ಬೆರಳೆತ್ತಿದಳು. ಅವನಿಗೆ ಅಲ್ಲಿ ಏನೂ ಇರಲಿಲ್ಲ. ಸಣ್ಣ ಸದ್ದುಗಳು ಮೊದಲು ಹೋಗುತ್ತವೆ, ಹೋದದ್ದು ಬರುವುದಿಲ್ಲ, ಉಳಿದದ್ದೂ ಮೆಲ್ಲಗೆ ಹೋಗುತ್ತದೆ ಎಂದರು ಕಿವಿಯ ಡಾಕ್ಟರು.

ಮೇಷ್ಟ್ರು ಸ್ಪೀಕರ್ ಒಯ್ಯಲು ಬಂದಾಗ ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಹೇಳಲಿಲ್ಲ.

"ನಿಮ್ಮ ಸ್ಪೀಕರ್ ಮೊದಲನೇ ದಿನವೇ ಸರಿಯಾಗಿತ್ತು ಮೇಷ್ಟ್ರೇ. ಕೆಟ್ಟಿದ್ದು ನನ್ನ ಕಿವಿ."

ಮೇಷ್ಟ್ರು ಕುಯ್ದ ಕೋನನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಸ್ಪೀಕರ್ ಮುಟ್ಟಲಿಲ್ಲ, ಫ್ಯಾನು, ಇಸ್ತ್ರಿಪೆಟ್ಟಿಗೆಗಳಿಗೆ ಇಳಿದ. ಟೇಪ್ ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ಮನೆಗೆ ತಂದು ಕಪಾಟಿನಲ್ಲಿಟ್ಟ. ತಲೆಯೊಳಗೆ ಹಾಡು ಇನ್ನೂ ಇಡಿಯಾಗಿತ್ತು, ಉಸಿರಿನ ಸಮೇತ. ಈ ಹಾಳು ಕಿವಿಯಿಂದ ಮತ್ತೆ ಕೇಳಿದರೆ ಸವೆದ ಹಾಡೇ ಒಳಗೂ ಕೂತುಬಿಡುತ್ತದೆ ಎಂದು ಅವನಿಗೆ ಭಯ. ಅದೊಂದನ್ನಾದರೂ ಉಳಿಸಿಕೊಳ್ಳಬೇಕಿತ್ತು. ಇದನ್ನು ಹೆಂಡತಿಗೂ ಹೇಳಲಿಲ್ಲ.

ಗಂಡ ಮಂಕಾಗಿದ್ದಾನೆ ಎಂದು ಅವಳಿಗೆ ಸಂಕಟ. ಒಂದು ಭಾನುವಾರ ಬೆಳಿಗ್ಗೆ ಅವನು ಮುಖ ತೊಳೆದು ಬರುವಷ್ಟರಲ್ಲಿ ಟೇಪ್ ರೆಕಾರ್ಡರ್ ಒರೆಸಿ ಹಾಡು ಹಾಕಿದ್ದಳು. ಅವನು ಬಾಗಿಲಲ್ಲೇ ನಿಂತ. ಕಂಬಳಿ ಹೊದ್ದವರು ಮಾತಾಡಿದ ಹಾಗೆ ದನಿ ಬರುತ್ತಿತ್ತು, ಪದಗಳ ಅಂಚೆಲ್ಲ ಉದುರಿತ್ತು. ಒಂದೊಂದು ಸಾಲಿಗೂ ಒಳಗಿನ ಹಾಡು ಅಳಿಸಿಹೋಗುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು. ನಿಲ್ಲಿಸು ಎನ್ನಲು ಕೈಯೆತ್ತಿದ. ಅವಳು ನೆಲದ ಮೇಲೆ ಮೊಣಕಾಲು ತಬ್ಬಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಇಷ್ಟು ವರ್ಷ ಬರೀ ಹಂಗಿಸ್ದೆ ರೀ. ಕೂತು ಕೇಳಿದ್ದು ಇವತ್ತೇ. ಎಷ್ಟು ಚೆನ್ನಾಗಿ ಹಾಡ್ತಾಳೆ."

ಅವನು ಅವಳ ಪಕ್ಕದಲ್ಲಿ ಕೂತ. ಹಾಡು ಮುಗಿಯಿತು.

"ಇನ್ನೊಂದ್ಸಲ ಹಾಕು," ಎಂದ.