ವಿಮಾನವನ್ನು ದೋಣಿಯಂತೆ ಕಟ್ಟಿದೆ

ಅಣ್ಣಯ್ಯನ ವಿಮಾನದ ಸುದ್ದಿ ಯಾರಾದರೂ ಎತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ತ್ರಾಸಿಯಲ್ಲಿ ಬಸ್ಸು ಹತ್ತಿದರೆ ಸಾಕು, ಹಿಂದಿನ ಸೀಟಿನಿಂದ ಒಬ್ಬ ಶುರು ಮಾಡುತ್ತಾನೆ: "ಹ್ವಾಯ್, ನಿಮ್ಮ್ ಅಣ್ಣಯ್ಯನ ಹಕ್ಕಿ ಹಾರ್ತಾ, ಇಲ್ಲಾ ಇನ್ನೂ ಕಾವಿಗೇ ಕೂತಿತ್ತಾ?"

ಅಣ್ಣಯ್ಯ ಮುಂಬೈ ಕಡೆ ಒಂದು ವಿಮಾನ ಹಾರಿಸಲು ಕಲಿಸುವ ಶಾಲೆಯಲ್ಲಿ ಮೆಕ್ಯಾನಿಕ್ ಆಗಿದ್ದ. ಅವರು ಮೂಲೆಗೆ ತಳ್ಳಿದ್ದ ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ಬಿಚ್ಚಿ, ಲಾರಿಗೆ ಹೇರಿಕೊಂಡು ಊರಿಗೆ ಬಂದ. ನಮ್ಮ ಗದ್ದೆಯ ಅಂಚಿನಲ್ಲಿ ತಗಡಿನ ಶೆಡ್ಡು ಹಾಕಿ, ಅದನ್ನು ಎಲ್ಲರೂ ಹ್ಯಾಂಗರ್ ಎಂದೇ ಕರೆಯಬೇಕೆಂದು ಹಟ ಹಿಡಿದ. ಮುರಿದದ್ದನ್ನೆಲ್ಲ ತಾನೇ ವೆಲ್ಡಿಂಗ್ ಮಾಡಿ ಜೋಡಿಸಿದ. ಮಳೆಗಾಲ ಕಳೆದ ಮೇಲೆ ವಿಮಾನ ಇಲಾಖೆಯ ಅಧಿಕಾರಿಗಳು ಬಂದು ನೋಡಿ ಒಪ್ಪಿದರೆ ಹಾರಿಸಬಹುದು ಎಂದಾಗಿತ್ತು. ಅವನ ಜೀವವೆಲ್ಲ ಅದರಲ್ಲೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಂಗೊಳ್ಳಿಯಲ್ಲಿ ದೋಣಿಗೆ ಹೋದವನು. ಗಾಳಿಯ ವಿಷಯ, ಹಗ್ಗದ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸೊಕ್ಕಿತ್ತು.

ಮಳೆಗಾಲಕ್ಕೆ ಮುಂಚೆ ಚಂಡಮಾರುತದ ಸುದ್ದಿ ಬಂತು. ಟಿವಿಯವರು ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕೂಗಿ ಕೂಗಿ ತಲೆ ತಿಂದರು. ಅಣ್ಣಯ್ಯ ಶೆಡ್ಡಿನ ನೆಲದ ಕಾಂಕ್ರೀಟಿನಲ್ಲಿ ಹೂತಿದ್ದ ಕಬ್ಬಿಣದ ಬಳೆಗಳಿಗೆ ಎರಡು ರೆಕ್ಕೆಗಳನ್ನೂ ಬಾಲವನ್ನೂ ಹಗ್ಗದಿಂದ ಬಿಗಿದ. ಗಾಳಿ ಎತ್ತಬಾರದೆಂದು ರೆಕ್ಕೆಗಳ ಮೇಲೆ ಉದ್ದಕ್ಕೂ ಮರದ ರೀಪು ಕಟ್ಟಿದ. ಅಷ್ಟರಲ್ಲಿ ಬ್ರಹ್ಮಾವರದಲ್ಲಿ ಅತ್ತಿಗೆಯ ತಂಗಿಯ ಮಗಳ ನಿಶ್ಚಿತಾರ್ಥ. ಆಕಾಶ ಕಳಚಿ ಬಿದ್ದರೂ ನಮ್ಮವರ ನಿಶ್ಚಿತಾರ್ಥ ನಿಲ್ಲುವುದಿಲ್ಲ. ಅತ್ತಿಗೆ ಅವನನ್ನು ಎಳೆದುಕೊಂಡೇ ಹೊರಟರು.

"ಗಾಳಿ ಎದ್ರೆ ಬಾಗ್ಲ್ ಹಾಕಿ ಅಡ್ಡಪಟ್ಟಿ ಹಾಕ್. ಹಗ್ಗ ಮಾತ್ರ ಮುಟ್ಬೇಡ" ಎಂದ ಅಣ್ಣಯ್ಯ.

"ನಂಗೆ ಹಗ್ಗ ಗೊತ್ತಿಲ್ಯಾ ಅಣ್ಣಯ್ಯ?"

"ನಿಂಗೆ ಗೊತ್ತಿಪ್ದೇ ನಂಗೆ ಹೆದ್ರಿಕೆ ಮಾರಾಯ."

ಆ ಮಾತು ಚುಚ್ಚಿತು. ಅವನು ಹೋದ ಮೇಲೆ ಹಗ್ಗ ಮುಟ್ಟಿ ನೋಡಿದೆ. ತಂತಿಯ ಹಾಗೆ ಬಿಗಿದಿತ್ತು. ನಮ್ಮಲ್ಲಿ ದೋಣಿಯನ್ನು ಹಾಗೆ ಕಟ್ಟಿದರೆ ಬೈಗುಳ ತಿನ್ನಬೇಕು. ನೀರು ಏರಿದಾಗ ದೋಣಿಯೂ ಏರಬೇಕು, ಅದಕ್ಕೇ ಹಗ್ಗ ಸಡಿಲ ಬಿಡುತ್ತೇವೆ. ಬಿಗಿದರೆ ಗೂಟವೇ ಕಿತ್ತು ಬರುತ್ತದೆ. ಓದಿದವನಿಗೆ ಇಷ್ಟೂ ತಿಳಿಯದೇ ಎಂದುಕೊಂಡು, ರೆಕ್ಕೆಗಳ ಹಗ್ಗವನ್ನು ಮೊಳದಷ್ಟು ಸಡಿಲ ಬಿಟ್ಟು ದೋಣಿಯ ಗಂಟು ಹಾಕಿದೆ. ಬಾಗಿಲನ್ನೇನೋ ಸರಿಯಾಗಿಯೇ ಹಾಕಿದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ಗಾಳಿ ನುಗ್ಗಿತು. ಪಕ್ಕದ ಮನೆಯ ಜಗಲಿಯಿಂದ ನೋಡುತ್ತಿದ್ದಂತೆಯೇ ಬಾಗಿಲಿನ ಒಂದು ತಗಡು ಹಾರಿತು. ಒಳಗೆ ವಿಮಾನ ಸಡಿಲವಿದ್ದಷ್ಟು ಎದ್ದು, ಹಗ್ಗ ಜಗ್ಗಿ, ಧಡ್ ಎಂದು ಕೆಳಗೆ ಬೀಳುತ್ತಿತ್ತು. ಮತ್ತೆ ಏಳುತ್ತಿತ್ತು. ನೀರಿನ ಮೇಲಾದರೆ ಅದು ತೇಲುವುದು. ಇಲ್ಲಿ ಕೆಳಗಿದ್ದದ್ದು ಕಾಂಕ್ರೀಟು. ಕೊನೆಗೆ ಒಂದು ರೆಕ್ಕೆಯಡಿಯ ಹಗ್ಗ ಕಟ್ಟುವ ಕೊಂಡಿಯೇ ಕಿತ್ತು, ರೆಕ್ಕೆ ಗೋಡೆಗೆ ಬಡಿದು ಮಡಚಿತು.

ಅಣ್ಣಯ್ಯ ಬಂದವನು ಆ ಕಿತ್ತ ಕೊಂಡಿಯನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದು ನೋಡಿದ. ಹಗ್ಗದ ಕಡೆ ನೋಡಲೇ ಇಲ್ಲ.

"ನನ್ನ್ ವೆಲ್ಡಿಂಗೇ ಸಮ ಇರ್ಲಿಲ್ಲ" ಎಂದ.

ನಾನು ಬಾಯಿ ಬಿಡಲಿಲ್ಲ. ಅವನು ರೆಕ್ಕೆ ರಿಪೇರಿಗೆ ಕೈ ಹಚ್ಚಲಿಲ್ಲ. ಮನೆಯ ಗೇಟಿನ ತಿರುಗಣಿ ಮುರಿದರೂ ಕುಂದಾಪುರದಿಂದ ವೆಲ್ಡರನ್ನು ಕರೆಸಿದ. ನನಗೆ ಅವನ ಮೇಲೇ ಸಿಟ್ಟು ಬರುತ್ತಿತ್ತು. ಒಮ್ಮೆ ಹಗ್ಗ ನೋಡಬಾರದಿತ್ತೇ? ಅವನೇ ಕಂಡುಹಿಡಿದು ಬೈದಿದ್ದರೆ ನಾನು ಬಚಾವಾಗುತ್ತಿದ್ದೆ.

ಮಳೆಗಾಲ ಮುಗಿಯಿತು. ಅಧಿಕಾರಿಗಳಿಗೆ ಬರುವುದು ಬೇಡ ಎಂದು ಹೇಳುತ್ತೇನೆ, ನನ್ನ ಕೈಯನ್ನು ನಂಬಿ ಇನ್ನೊಬ್ಬನನ್ನು ವಿಮಾನದಲ್ಲಿ ಕೂರಿಸಲಾರೆ ಎಂದು ಅವನು ಫೋನು ತೆಗೆದಾಗ ನಾನು ತಡೆಯಲಾರದೆ ಹೇಳಿಬಿಟ್ಟೆ.

ಅವನು ಫೋನು ಕೆಳಗಿಟ್ಟ. "ಎಷ್ಟ್ ಸಡ್ಲ ಬಿಟ್ಟಿದ್ದೆ?"

ಮೊಳಕೈಯಿಂದ ಬೆರಳ ತುದಿಯವರೆಗೆ ತೋರಿಸಿದೆ.

"ಅಷ್ಟ್ ಜಗ್ಗಿದ್ರೆ ಯಾವ್ ವೆಲ್ಡಿಂಗೂ ನಿಲ್ಲುದಿಲ್ಲ" ಎಂದ. ಮುಖ ಒಂದು ಗಳಿಗೆ ಹಗುರಾಯಿತು. ಬೈಗುಳ ಆಮೇಲೆ ಬಂತು, ಅತ್ತಿಗೆಯೂ ಒಳಗಿಂದ ಬಂದು ಸೇರಿಕೊಂಡರು. ನನ್ನನ್ನು ಮತ್ತೆ ಹ್ಯಾಂಗರಿನೊಳಗೆ ಬಿಟ್ಟಿಲ್ಲ. ಒಳಗೆ ವೆಲ್ಡಿಂಗ್ ಮಾಡುವ ಸದ್ದು ಮಾತ್ರ ಹೊರಗೆ ಕೇಳುತ್ತದೆ.